ಯಾವ ಕಿವಿಯ ಹಿಂದೆ

ಬಕೆಟ್ಟಿನಲ್ಲಿ ಇನ್ನೂ ಅರ್ಧ ಬಟ್ಟೆ ಹಿಂಡುವುದಿತ್ತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ನಾಳೆಯ ಆಪರೇಷನ್ ಇವತ್ತೇ ಅಂತೆ, ಮಗುವಿಗೆ ಏನೂ ತಿನ್ನಿಸದೆ ಹತ್ತಕ್ಕೆ ಕರೆತರಬೇಕಂತೆ. ತಾಯಿ ಒದ್ದೆ ಕೈಯಲ್ಲೇ ಒಳಗೆ ಓಡಿ ಚೂಟಿಯ ಮುಂದಿದ್ದ ತಟ್ಟೆ ಎತ್ತಿಕೊಂಡಳು.

"ಒಂದು ತುತ್ತಾದ್ರೂ ತಿನ್ಲಿ ಬಿಡೇ," ಎಂದರು ಅತ್ತೆ.

"ಬೇಡ ಅಂದಿದಾರೆ ಅತ್ತೆ. ಉಳಿದ ಬಟ್ಟೆ ಹರವಿಬಿಡ್ತೀರಾ?"

"ಹರವ್ತೀನಿ ಹೋಗು. ನಿನ್ನ ಹಾಗೆ ಅಳತೆ ಹಿಡಿದು ಹರವೋಕೆ ಬರಲ್ಲ, ಅಷ್ಟೇ."

ಎಂಟು ವರ್ಷದ ಚೂಟಿ ಜಾರುಬಂಡೆಯಿಂದ ಬಿದ್ದು ಒಂಬತ್ತು ದಿನವಾಗಿತ್ತು. ಬಲಗಿವಿಯ ಹಿಂದಿನ ಮೂಳೆ ಸೀಳಿ, ಅದರೊಳಗೆ ಹಾದುಹೋಗುವ ಮುಖದ ನರವನ್ನು ಮೂಳೆಯ ಚೂರೊಂದು ಒತ್ತಿ ಹಿಡಿದಿತ್ತು. ಮುಖದ ಬಲಭಾಗವೆಲ್ಲ ಜೋತುಬಿದ್ದು, ಆ ಕಣ್ಣು ಮುಚ್ಚುತ್ತಿರಲಿಲ್ಲ. ಕುಡಿದ ನೀರು ಬಾಯಿಯ ಆ ಮೂಲೆಯಿಂದ ಸೋರುತ್ತಿತ್ತು. ಚೂರನ್ನು ಬೇಗ ತೆಗೆದರೆ ಮುಖ ಮೊದಲಿನಂತಾಗಬಹುದು, ತಡವಾದರೆ ಹೇಳಲಾಗದು ಎಂದಿದ್ದರು. ಮನೆಗೆಲ್ಲ ಬಾಯಿಬಡುಕಿಯಾಗಿದ್ದ ಹುಡುಗಿ ಈಗ ಕತ್ತಾಡಿಸಿಯೇ ಮಾತು ಮುಗಿಸುತ್ತಿದ್ದಳು. ಏನೋ ಕೇಳಲು ಬಾಯಿ ತೆರೆಯುವಳು, ಮತ್ತೆ ನುಂಗಿಕೊಳ್ಳುವಳು.

ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರ್ ಕಂಪ್ಯೂಟರಿಗೆ ಅಂಟಿಕೊಂಡು ಕೂತಿದ್ದ. ಪರದೆಯ ಮೇಲೆ ಚೂಟಿಯ ತಲೆಯ ಸ್ಕ್ಯಾನ್. ನರ ಎಲ್ಲಿ ತಿರುಗುತ್ತದೆ, ಮೂಳೆಯನ್ನು ಎಲ್ಲಿಂದ ಕೊರೆಯಬೇಕು ಎಂದು ಬಣ್ಣದ ಗೆರೆ ಎಳೆದಿದ್ದ. ಕಣ್ಣೆತ್ತದೆ ಒಪ್ಪಿಗೆ ಪತ್ರ ತಳ್ಳಿದ. ತಾಯಿ ಓದಿದಳು. ‘ಎಡಗಿವಿಯ ಹಿಂದೆ’ ಎಂದಿತ್ತು.

"ಡಾಕ್ಟ್ರೇ, ಎಡ ಅಂತ ಬರ್ದಿದೀರಿ. ಇವಳಿಗೆ ಪೆಟ್ಟಾಗಿರೋದು ಬಲಕ್ಕೆ."

"ಸ್ಕ್ಯಾನ್ ಉಲ್ಟಾ ಇರುತ್ತೆ ಅಮ್ಮ. ಪರದೇಲಿ ಬಲಕ್ಕೆ ಕಾಣೋದು ಪೇಷಂಟಿನ ಎಡಗಡೆ. ಅದೆಲ್ಲ ನಿಮಗೆ ಗೊತ್ತಾಗಲ್ಲ."

ತಾಯಿಯ ಮೈಯೆಲ್ಲ ಉರಿದುಹೋಯಿತು.

"ಎದುರಿಗೆ ನಿಂತವರ ಎಡಬಲ ನಂಗೆ ಹೇಳ್ಕೊಡ್ಬೇಡಿ. ಹದಿನಾಲ್ಕು ವರ್ಷದಿಂದ ಅಳತೆ ತಗೊಂಡು ಬಟ್ಟೆ ಹೊಲೀತಿದೀನಿ. ಮಗುಚಿಟ್ಟಿದ್ದ ಬಟ್ಟೆನ ಗಮನಿಸದೆ ಕತ್ತರಿಸಿದ್ರೆ ಎಡತೋಳು ಬಲಕ್ಕೆ ಹೋಗುತ್ತೆ. ಈ ಚಿತ್ರನ ಯಾರಾದ್ರೂ ಮಗುಚಿದಾರಾ, ಮೊದ್ಲು ಅದು ನೋಡಿ."

"ಈಗ ದರ್ಜಿ ಹತ್ರ ಸ್ಕ್ಯಾನ್ ಓದೋದು ಕಲೀಬೇಕು ನೋಡಿ," ಎಂದು ಅವನು ನರ್ಸಿನ ಕಡೆ ತಿರುಗಿ ನಕ್ಕ.

"ಕಲೀರಿ. ನಾನು ತಪ್ಪು ಹೊಲಿದ್ರೆ ಬಿಚ್ಚಬಹುದು. ನೀವು ಕೊರೆದ ಮೂಳೇನ ಯಾರು ತುಂಬ್ತಾರೆ? ದೊಡ್ಡ ಡಾಕ್ಟ್ರನ್ನ ಕರೀರಿ. ಅಲ್ಲಿವರೆಗೂ ನಾನು ಸೈನ್ ಹಾಕಲ್ಲ."

ಅರ್ಧ ಗಂಟೆ ಕಳೆದು ಶಸ್ತ್ರವೈದ್ಯರು ಬಂದರು. ನೇರ ಪರದೆಯ ಬಳಿ ಹೋಗಿ, ಚಿತ್ರದ ಅಂಚಿನಲ್ಲಿದ್ದ ಎಡಬಲದ ಸಣ್ಣ ಗುರುತನ್ನು ದೊಡ್ಡದು ಮಾಡಿ ನೋಡಿದರು.

"ಇದನ್ನ ಆಗ್ಲೇ ತಿರುಗಿಸಿ ಕಳ್ಸಿದಾರಲ್ಲಯ್ಯ. ಬಲಗಡೇದು ಬಲಕ್ಕೇ ಕಾಣ್ಲಿ ಅಂತ ನಾನೇ ಹೇಳಿದ್ದೆ. ಗುರುತು ನೋಡ್ಲಿಲ್ವಾ?"

ಕಿರಿಯನ ಮುಖ ಬಿಳಿಚಿಕೊಂಡಿತು. ಅಭ್ಯಾಸಬಲದಿಂದ ಅವನು ಮತ್ತೊಮ್ಮೆ ಎಡಬಲ ಅದಲುಬದಲು ಮಾಡಿಕೊಂಡಿದ್ದ.

"ಬಲ ಅಂತ ತಿದ್ದು. ಹನ್ನೆರಡಕ್ಕೆ ಶುರು ಮಾಡೋಣ."

"ಅಷ್ಟೇನಾ?" ಎಂದಳು ತಾಯಿ.

"ಸರಿಹೋಯ್ತಲ್ಲಮ್ಮ. ಇಂಥದ್ದನ್ನ ಹಿಡಿಯೋಕೇ ನಮ್ಮಲ್ಲಿ ಮೂರು ಸಲ ತಾಳೆ ನೋಡ್ತೀವಿ."

"ಒಂದು ಸಲ ನಾನು ನೋಡಿದೆ. ನೀವು ನೋಡಿದ್ದು ಎಷ್ಟು ಸಲ?"

ಶಸ್ತ್ರವೈದ್ಯರು ಮತ್ತೆ ಪರದೆಯತ್ತ ಬಾಗಿದರು. ಕಿರಿಯವನು ಕಾಗದದ ಮೇಲೆ ಬಾಗಿದ. ನರ್ಸ್ ಗಡಿಯಾರ ನೋಡಿದಳು. ತಾಯಿಯ ಪಕ್ಕದಲ್ಲಿ ನಿಂತಿದ್ದ ಚೂಟಿ ಅವರೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ, ಅಮ್ಮನ ಕೈ ಬಿಟ್ಟು, ಶಸ್ತ್ರವೈದ್ಯರ ಕೋಟು ಹಿಡಿದು ಜಗ್ಗಿದಳು. ಅರ್ಧ ಬಾಯಿಂದ ಮಾತು ತೊದಲಿದರೂ ದನಿ ಗಟ್ಟಿಯಾಗಿತ್ತು.

"ನೀವ್ಯಾರೂ ನನ್ನ ಮುಖ ನೋಡ್ಲೇ ಇಲ್ವಾ?"