ನೂರು ಗಂಟೆಯ ಮುದ್ರೆ

"ಗಾಯಕಿ ಒದ್ದೆ ಕಂಬಳಿ ಹೊದ್ದು ಪಕ್ಕದ ಕೋಣೆಯಲ್ಲಿ ಹಾಡುತ್ತಿದ್ದಾಳೆ. ಅದೂ ಬಲಗಡೆಯ ಕೋಣೆಯಲ್ಲಿ. ಎಡಗಡೆಯದಕ್ಕೆ ಬೀಗ ಜಡಿದಿದ್ದಾರೆ."

ಯಜಮಾನ ಇಷ್ಟನ್ನು ಗಟ್ಟಿಯಾಗಿ ಓದಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಇಯರ್‌ಫೋನು ಜೋಡಿಸುವ ಆ ಕೋಣೆಯಲ್ಲಿ ಆರು ಜನ ಹೆಂಗಸರು ಚಿಮುಟ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೂತಿದ್ದರು. ಇನ್ನೂ ಇದೆ, ಓದಲಾ ಎಂದ. ಯಾರೂ ಓದಿ ಎನ್ನಲಿಲ್ಲ, ಆದರೂ ಓದಿದ. ಐದು ಇಯರ್‌ಫೋನುಗಳ ಹೋಲಿಕೆಯಲ್ಲಿ ಇವರದು ಐದನೆಯದು. 'ಇದಕ್ಕೆ ಶ್ರುತಿ ಕೂರಿಸಿದವರಿಗೆ ಎರಡು ಕಿವಿ ಇರುವುದೇ ಅನುಮಾನ' ಎಂಬ ವಾಕ್ಯಕ್ಕೆ ಬಂದಾಗ ಅವನ ದನಿ ತುಸು ಇಳಿಯಿತು, ಏಕೆಂದರೆ ಶ್ರುತಿ ಕೂರಿಸಿದವಳು ಎದುರಿಗೇ ಇದ್ದಳು.

ಬರೆದವನು ಕಿವಿರಾಯ. ಆ ಹೆಸರಿಟ್ಟವಳು ಜಾಲರಿಯಕ್ಕ, ಅಂದರೆ ಇಯರ್‌ಫೋನಿನ ಮೂತಿಗೆ ಜಾಲರಿ ಅಂಟಿಸುವ ಹಿರಿಯಳು. ಅವನ ಅಂಕಣ ಓದುವ ಎಂಬತ್ತು ಸಾವಿರ ಜನ ಮಾತ್ರ ಅವನನ್ನು ಗುರುಗಳೇ ಎನ್ನುತ್ತಾರೆ. ಗುರುಗಳು ಹಾಡಿದವರಲ್ಲ, ವಾದ್ಯ ಮುಟ್ಟಿದವರಲ್ಲ, ಒಂದು ತಂತಿಗೆ ಬೆಸುಗೆ ಹಾಕಿದವರೂ ಅಲ್ಲ. ಕಿವಿಯೊಳಗೆ ತೂರಿಸಿಕೊಳ್ಳುವ ಇಯರ್‌ಫೋನುಗಳನ್ನು ಕಂಪನಿಗಳಿಂದ ಪುಕ್ಕಟೆ ತರಿಸಿಕೊಂಡು, ಒಂದಕ್ಕೊಂದು ಹೋಲಿಸಿ, ಯಾವುದು ಚೆನ್ನ ಯಾವುದು ಗೋಳು ಎಂದು ತೀರ್ಪು ಕೊಡುವುದು ಅವರ ಕಸುಬು. ತೀರಾ ಅಗ್ಗದ್ದನ್ನು ಅವನು ಮುಟ್ಟುವುದಿಲ್ಲ. ತೀರಾ ದುಬಾರಿಯದನ್ನು ಅವನಿಗೆ ಯಾರೂ ಕಳಿಸುವುದಿಲ್ಲ. ಹಾಗಾಗಿ ನಡುಬೆಲೆಯ ಮಾಲಿನ ಮೇಲೆ ಅವನದೇ ದರ್ಬಾರು. ಎತ್ತು ಈಯಿತು ಎಂದು ಅವನು ಬರೆದರೆ, ಕೊಟ್ಟಿಗೆಗೆ ಕಟ್ಟಲು ಅಷ್ಟೂ ಜನ ಹಗ್ಗ ಹಿಡಿದು ನಿಲ್ಲುತ್ತಾರೆ. ಯಜಮಾನನೂ ಆ ಹಗ್ಗದವರಲ್ಲೊಬ್ಬ.

ಶ್ರುತಿ ಕೂರಿಸಿದವಳನ್ನು ಅಲ್ಲಿ ಎಲ್ಲರೂ ಶ್ರುತಿಗಾರ್ತಿ ಎನ್ನುತ್ತಿದ್ದರು. ಹದಿನಾಲ್ಕು ತಿಂಗಳು ಅವಳು ಆ ಒಂದು ದನಿಯ ಹಿಂದೆ ಬಿದ್ದಿದ್ದಳು. ಮೂತಿಯೊಳಗೆ ಸಾಸಿವೆ ಕಾಳಿನಷ್ಟು ಹತ್ತಿ ಇಡುವುದು, ಕೇಳುವುದು, ತೆಗೆಯುವುದು. ಜಾಲರಿಯ ಕಣ್ಣು ಒಂದು ಎಳೆ ದೊಡ್ಡದು ಮಾಡುವುದು, ಮತ್ತೆ ಚಿಕ್ಕದು ಮಾಡುವುದು. ಮಾತಾಡುವವರು ಎದುರಿಗೇ ಕೂತಿದ್ದಾರೆ ಅನ್ನಿಸಬೇಕು, ಆದರೆ ಕಿರುಚಬಾರದು. ಇಷ್ಟೇ ಅವಳ ಆಸೆ. ಅದು ಕೈಗೆ ಸಿಕ್ಕಿದ ದಿನ ಆರೂ ಜನರಿಗೆ ಸರದಿಯಲ್ಲಿ ಕೇಳಿಸಿದ್ದಳು. ಜಾಲರಿಯಕ್ಕ ಕೇಳಿ, ಇನ್ನೊಂದು ಸಲ ಹಾಕು ಎಂದಿದ್ದಳು.

ಈಗ ಯಜಮಾನ ಹೇಳಿದ್ದು ಇಷ್ಟು. ಕಿವಿರಾಯ ಮೊದಲ ಸ್ಥಾನ ಕೊಟ್ಟ ಹಿತ್ತಾಳೆ ಬಣ್ಣದ್ದಿದೆಯಲ್ಲ, ಸೋಮವಾರದಿಂದ ನಮ್ಮದೂ ಅದರಂತೆಯೇ ಕೇಳಿಸಬೇಕು. ಬೇಸ್ ಗುದ್ದಬೇಕು, ಮೇಲಿನ ಸ್ವರ ಚುಚ್ಚಬೇಕು. ಹಳೆಯ ಅಳತೆಯ ಹತ್ತಿ, ಜಾಲರಿ ಎಲ್ಲ ಕಸಕ್ಕೆ. ಶ್ರುತಿಗಾರ್ತಿ ಅಳತೆಯ ಕಾಗದ ತೋರಿಸಿ, ಪ್ರತಿ ಜೊತೆಯನ್ನೂ ಯಂತ್ರಕ್ಕೆ ಹಾಕಿ ಅಳೆದೇ ಕಳಿಸಿದ್ದೇವೆ, ದನಿಯ ಏರಿಳಿತದ ಗೆರೆ ಎಡಕ್ಕೂ ಬಲಕ್ಕೂ ಒಂದೇ ಬಂದಿತ್ತು ಎಂದಳು.

"ನಿನ್ನ ಗೆರೆ ಯಾರಮ್ಮ ಓದ್ತಾರೆ?" ಎಂದ ಯಜಮಾನ. "ಅವನದ್ದನ್ನ ಓದ್ತಾರೆ."

ಅವನು ಹೋದ ಮೇಲೆ ಜಾಲರಿಯಕ್ಕ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ಕೇಳಲಾರದೆ ಏನೇನು ಡೊಂಕು ಅಂದನೋ ಎಂದು ಗೊಣಗಿದಳು. ಶ್ರುತಿಗಾರ್ತಿ ನಗಲಿಲ್ಲ. ಎಡಗಡೆಗೆ ಬೀಗ ಎಂಬ ಮಾತು ಅವಳ ತಲೆಯಲ್ಲಿ ಕೂತಿತ್ತು. ಇಷ್ಟವಾಗಲಿಲ್ಲ ಎಂದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಊಟ ರುಚಿಸಲಿಲ್ಲ ಎನ್ನುವ ಹಕ್ಕು ಉಣ್ಣುವವನಿಗಿದೆ. ಆದರೆ ಎಡಗಡೆ ಇಲ್ಲವೇ ಇಲ್ಲ ಎಂದರೆ ಹೇಗೆ? ಪಾರ್ಸಲ್ ಕಳಿಸಿದ ರಸೀದಿಯಿಂದ ವಿಳಾಸ ಬರೆದುಕೊಂಡಳು. ಶನಿವಾರ ಅರ್ಧ ದಿನದ ರಜೆ ಹಾಕಿ, ಅಳತೆಯ ಕಾಗದ, ಭೂತಗನ್ನಡಿ, ಸಣ್ಣ ಕುಂಚ, ಸ್ಪಿರಿಟ್ ಶೀಶೆ ಇವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೊರಟಳು.

ಮೂರನೆಯ ಮಹಡಿಯ ಮನೆ. ಬಾಗಿಲು ತೆಗೆದವರು ಕಿವಿರಾಯನ ತಾಯಿ. ಕಂಪನಿಯಿಂದ ಬಂದಿದ್ದೀನಿ ಎಂದಾಗ ಅವರು ಅವಳ ಕೈ ನೋಡಿ, ಇವತ್ತು ಡಬ್ಬಿ ತಂದಿಲ್ವೇನಮ್ಮ ಎಂದರು. ನಡುಮನೆಯ ಒಂದು ಗೋಡೆಯ ತುಂಬ ಡಬ್ಬಿಗಳೇ. ಊಟದ ಮೇಜಿನ ಮುಕ್ಕಾಲು ಪಾಲು ತಂತಿಗಳು ಹರಡಿದ್ದವು, ಉಳಿದ ಕಾಲು ಪಾಲಿನಲ್ಲಿ ತಾಯಿ ತರಕಾರಿ ಹೆಚ್ಚುತ್ತಿದ್ದರು. ಕಿವಿರಾಯ ಕಿಟಕಿಯ ಹತ್ತಿರ ಒರಗುಕುರ್ಚಿಯಲ್ಲಿದ್ದ. ತಾಯಿ ಎಡಗಡೆಯಿಂದಲೇ ನಡೆದು ಹೋದವರು, ಅವನ ಕುರ್ಚಿ ಸುತ್ತಿ ಬಲಗಡೆಗೆ ಬಂದು, ಆಮೇಲೆ, ಮಗಾ, ಯಾರೋ ಬಂದಿದ್ದಾರೆ ನೋಡು ಎಂದರು. ಆ ಸುತ್ತು ಅವರ ಕಾಲಿಗೆ ಅಭ್ಯಾಸವಾಗಿ ಹೋಗಿತ್ತು. ಶ್ರುತಿಗಾರ್ತಿ ಅದನ್ನು ನೋಡಿದಳು.

ಅವನು ಕೂರಿಸಿದ, ಆಮೇಲೆ ಕೊರೆದ. ಕೆಟ್ಟದ್ದು ಬರೆದಾಗಲೆಲ್ಲ ಕಂಪನಿಯವರು ಹೀಗೆ ಬಂದು ಅಳುತ್ತಾರೆ, ತಾನು ಯಾರ ಮುಲಾಜಿಗೂ ಬಗ್ಗುವವನಲ್ಲ ಎಂದ. ಅಳತೆಯ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟ. ಯಂತ್ರ ಗೆರೆ ಎಳೆಯುತ್ತದೆ, ರಸ ಗೊತ್ತಾಗುವುದು ಕಿವಿಗೆ ಎಂದ. ಹಿತ್ತಾಳೆ ಬಣ್ಣದ್ದರಲ್ಲಿ ಗಾಯಕಿ ಪಲ್ಲವಿಗೆ ಮುಂಚೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ಕಪ್ಪು ಡಬ್ಬಿಯದರಲ್ಲಿ ಅರ್ಧ ಕೇಳಿಸುತ್ತದೆ, ನಿಮ್ಮದರಲ್ಲಿ ಅವಳು ಉಸಿರಾಡುವುದನ್ನೇ ನಿಲ್ಲಿಸಿದ್ದಾಳೆ ಎಂದು ತಾನೇ ನಕ್ಕ. ಈ ಮಾತನ್ನು ಆಗಲೇ ಎಲ್ಲೋ ಬರೆದಿಟ್ಟಿರಬೇಕು, ಅಷ್ಟು ನಯವಾಗಿ ಬಂತು.

ಅವಳು ತಾನು ಕಳಿಸಿದ ಜೊತೆಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದಳು. ಉಳಿದ ನಾಲ್ಕೂ ಡಬ್ಬಿಗಳಲ್ಲಿ, ತಮ್ಮ ತಮ್ಮ ಗುಳಿಗಳಲ್ಲಿ ಹೊಸದಾಗಿ ಹೊಳೆಯುತ್ತ ಕೂತಿದ್ದವು. ಇವರದು ಮಾತ್ರ ಡಬ್ಬಿಯಲ್ಲಿರಲಿಲ್ಲ. ಮೇಜಿನ ಮೇಲಿಲ್ಲ, ಕಪಾಟಿನಲ್ಲಿಲ್ಲ. ಕಿವಿರಾಯ ಹುಡುಕುತ್ತಿದ್ದಂತೆ ತಾಯಿ ಮಲಗುವ ಕೋಣೆಗೆ ಹೋಗಿ, ದಿಂಬಿನ ಕೆಳಗಿಂದ ಅದನ್ನು ತಂದುಕೊಟ್ಟರು.

"ಬಂದು ಮೂರು ವಾರ ಆಯ್ತು, ಇದನ್ನೇ ಹಾಕ್ಕೊಂಡು ಮಲಗ್ತಾನಮ್ಮ," ಎಂದರು. "ಬೇರೆ ಯಾವುದೂ ಕಿವಿಗೆ ಹಿತ ಇಲ್ವಂತೆ. ಅವನ್ನೆಲ್ಲ ಒಂದೊಂದೇ ದಿನ ಕೇಳಿ ಬಿಸಾಕ್ತಾನೆ."

ಕಿವಿರಾಯ ಕೆಮ್ಮಿದ. ತೂಕ ಕಡಿಮೆ ಇದೆ ಅಷ್ಟೆ ಎಂದ. ಆ ಒಂದು ಒಳ್ಳೆಯ ಮಾತನ್ನು ಅವನು ಎರಡು ಪುಟದ ಲೇಖನದಲ್ಲಿ ಎಲ್ಲೂ ಬರೆದಿರಲಿಲ್ಲ. ಮೂರು ವಾರ ಯಾವುದನ್ನು ಬಿಟ್ಟಿರಲಾರದೆ ಹೋದನೋ ಅದಕ್ಕೇ ಐದನೆಯ ಸ್ಥಾನ ಕೊಟ್ಟಿದ್ದ, ಪುಣ್ಯಾತ್ಮ.

ಶ್ರುತಿಗಾರ್ತಿ ಎಡಗಡೆಯದರ ರಬ್ಬರ್ ಟೊಪ್ಪಿ ಕಳಚಿ, ಭೂತಗನ್ನಡಿ ಹಿಡಿದು ನೋಡಿದಳು. ಜಾಲರಿಯಕ್ಕ ಉಸಿರು ಬಿಗಿಹಿಡಿದು ಅಂಟಿಸಿದ ಜಾಲರಿ ಕಾಣಲೇ ಇಲ್ಲ. ಅದರ ಮೇಲೆ ಹಳದಿ ಬಣ್ಣದ ಗುಗ್ಗೆ ಅಂಚಿನಿಂದ ಅಂಚಿನವರೆಗೆ ಮೆತ್ತಿಕೊಂಡು, ಒಣಗಿ ಬಿರುಕು ಬಿಟ್ಟಿತ್ತು. ಬಲಗಡೆಯದು ಸ್ವಚ್ಛ. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೇಸಿಗೆ. ಹದಿನಾಲ್ಕು ತಿಂಗಳ ಕೆಲಸ ಇಷ್ಟು ಗುಗ್ಗೆಗೆ ಸೋತು ಬಿದ್ದಿತ್ತು. ಭೂತಗನ್ನಡಿಯನ್ನೂ ಇಯರ್‌ಫೋನನ್ನೂ ಅವನ ಮುಂದೆ ಹಿಡಿದಳು.

ಅವನು ನೋಡಿದ. ತಾಯಿಯೂ ಬಗ್ಗಿ ನೋಡಿದರು. "ಅಯ್ಯೋ, ಇವನಿಗೆ ಚಿಕ್ಕಂದಿನಿಂದ ಎಡಗಿವಿಯಲ್ಲಿ ಗುಗ್ಗೆ ಬೇಗ ಕಟ್ಟುತ್ತೆ, ಆ ಕಡೆಯಿಂದ ಕರೆದರೆ ಸ್ವಲ್ಪ ಮಂದ. ವರ್ಷಕ್ಕೆರಡು ಸಲ ಡಾಕ್ಟರ ಹತ್ರ ತೆಗೆಸ್ತಿದ್ವಿ. ಈಗ ದೊಡ್ಡ ಮನುಷ್ಯ ಆಗಿದ್ದಾನೆ, ಹೋಗೋ ಅಂದರೆ ಹೋಗಲ್ಲ," ಎಂದರು.

"ಅಮ್ಮ, ನೀನು ಒಳಗೆ ಹೋಗು."

ಅವರು ಹೋಗಲಿಲ್ಲ, ತರಕಾರಿ ಅಲ್ಲೇ ಇತ್ತಲ್ಲ.

ಶ್ರುತಿಗಾರ್ತಿ ಮೂತಿಯನ್ನು ಕೆಳಮುಖ ಮಾಡಿ ಹಿಡಿದು, ಕುಂಚವನ್ನು ಸ್ಪಿರಿಟ್ಟಿಗೆ ಅದ್ದಿ, ಒಳಕ್ಕೆ ಇಳಿಯದಂತೆ ಮೆಲ್ಲಗೆ ಕೆದಕಿದಳು. ಪರರ ಗುಗ್ಗೆಯನ್ನು ಬಿಳಿಯ ಕಾಗದದ ಮೇಲೆ ಉದುರಿಸಿಕೊಳ್ಳುವ ಗತಿ ಬಂತಲ್ಲ ಎಂದುಕೊಳ್ಳುತ್ತಲೇ ಜಾಲರಿಯ ಒಂದೊಂದು ಕಣ್ಣನ್ನೂ ಬಿಡಿಸಿದಳು. ಆರಲು ಬಿಟ್ಟಳು. ಟೊಪ್ಪಿ ಒರೆಸಿ ಹಾಕಿ ಅವನ ಕೈಗಿಟ್ಟು, ಈಗ ಕೇಳಿ ಸರ್ ಎಂದಳು.

ಅವನು ಅದೇ ಹಾಡು ಹಾಕಿದ. ಅವಳು ಅವನ ಮುಖವನ್ನೇ ನೋಡುತ್ತ ಕೂತಳು. ಕಣ್ಣು ಮುಚ್ಚಿದ್ದ. ಪಲ್ಲವಿ ಬರುವ ಹೊತ್ತಿಗೆ ಅವನ ತಲೆ ತಾನಾಗಿ ಎಡಕ್ಕೆ, ಕೂದಲೆಳೆಯಷ್ಟು, ತಿರುಗಿತು. ಯಾರೋ ಆ ಕಡೆಯಿಂದ ಕರೆದರು ಎನ್ನುವ ಹಾಗೆ. ಗಾಯಕಿ ಉಸಿರೆಳೆದುಕೊಂಡಿದ್ದಳು. ಆ ಒಂದು ಗಳಿಗೆ ಅವನ ಮುಖದಲ್ಲಿ ಗುರುವೂ ಇರಲಿಲ್ಲ, ರಾಯನೂ ಇರಲಿಲ್ಲ. ಶ್ರುತಿಗಾರ್ತಿಗೆ ಸಮಾಧಾನವಾಯಿತು. ಇನ್ನು ಇವನು ತಪ್ಪಾಯಿತು ಎಂದು ಬಾಯಲ್ಲಿ ಹೇಳದಿದ್ದರೂ ನಡೆದೀತು, ಬರೆದರೆ ಸಾಕು ಎಂದುಕೊಂಡಳು.

ಹಾಡು ಮುಗಿಯಿತು. ಅವನು ಕಣ್ಣು ತೆರೆದು, ಕುರ್ಚಿಯಲ್ಲಿ ಸರಿಯಾಗಿ ಕೂತು, ಗಂಟಲು ಸರಿಮಾಡಿಕೊಂಡ.

"ಹೂಂ. ಈಗ ದನಿ ಬಿಟ್ಕೊಂಡಿದೆ," ಎಂದ. "ಮೂರು ವಾರ ಅಂದರೆ ನೂರು ಗಂಟೆ ಹಾಡಿರುತ್ತೆ. ಕೆಲವಕ್ಕೆ ಒಳಗೆ ನಡುಗೋ ಪೊರೆ ಪಳಗೋದು ನಿಧಾನ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಕಾಗದದ ಮೇಲಿನ ಹಳದಿ ಪುಡಿಯನ್ನು ಅವನ ಕಡೆ ಸರಿಸಿದಳು.

"ಪೊರೆ ಅಲ್ಲ ಸರ್, ಇದು. ಇದನ್ನೇ ಬರೀರಿ."

"ನಾನು ಕೇಳಿದ್ದನ್ನ ಬರೀತೀನಮ್ಮ. ಕಂಡಿದ್ದನ್ನಲ್ಲ."

ತಾಯಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಮಗನನ್ನು ಒಂದು ಸಲ ನೋಡಿದರು. ಆಮೇಲೆ ಆ ಕಾಗದವನ್ನು ಮಡಚಿ ತೆಗೆದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಿ ಬಂದರು. ಅವಳನ್ನು ಬಾಗಿಲವರೆಗೆ ಬಿಡಲು ಬಂದವರು, ಕಾಫಿ ಕೊಡೋದೇ ಮರೆತೆ ನೋಡು ಎಂದು ಪೇಚಾಡಿಕೊಂಡರು.

ಹೊಸ ಲೇಖನ ಭಾನುವಾರ ಬೆಳಿಗ್ಗೆಯೇ ಬಂತು. 'ನನ್ನ ಕಿವಿ ಎಂದೂ ಸುಳ್ಳು ಹೇಳಿಲ್ಲ. ಮೊದಲ ನೂರು ಗಂಟೆ ಇದು ಮಂಕಾಗಿಯೇ ಇತ್ತು. ನೂರಾ ಒಂದನೆಯ ಗಂಟೆಯಲ್ಲಿ ಪೊರೆ ಪಳಗಿ, ಎಡಗೋಣೆಯ ಬೀಗ ತಾನಾಗಿ ಕಳಚಿತು. ಅಷ್ಟು ಹೊತ್ತು ಕಾಯುವ ತಾಳ್ಮೆ ಇಂದಿನ ಎಷ್ಟು ಕೇಳುಗರಿಗಿದೆ?' ಐದರಿಂದ ಒಂದಕ್ಕೆ ಏರಿಸಿದ್ದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಕೆಳಗೆ ಅವನ ಮಂದೆ ಗುರುಗಳ ತಾಳ್ಮೆಗೆ ಕೈ ಮುಗಿಯುತ್ತಿತ್ತು. ಯಾವ ಹಾಡು ಹಾಕಿ ಪಳಗಿಸಬೇಕು ಎಂದು ಒಬ್ಬ ಕೇಳಿದ್ದ. ತನ್ನದು ತೊಂಬತ್ತರಲ್ಲೇ ಬಿಟ್ಟುಕೊಂಡಿತು ಎಂದು ಇನ್ನೊಬ್ಬ ಎದೆಯುಬ್ಬಿಸಿದ್ದ.

ಶ್ರುತಿಗಾರ್ತಿ ಅದರ ಕೆಳಗೆ ಬೆರಳೊತ್ತಿ ಬರೆದಳು: 'ಪೊರೆ ಪಳಗಿದ್ದಲ್ಲ. ಜಾಲರಿಗೆ ನಿಮ್ಮ ಗುಗ್ಗೆ ಕಟ್ಟಿತ್ತು. ಕ್ಲೀನ್ ಮಾಡಿದ್ದು ನಾನು.' ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದಾಗಲೇ ಯಜಮಾನನ ಫೋನು ಬಂತು. ಹಿತ್ತಾಳೆಯದರ ನಕಲು ಬೇಡ, ಇದ್ದದ್ದು ಇದ್ದ ಹಾಗೇ ಇರಲಿ, ಒಂದು ಎಳೆ ಹತ್ತಿಯನ್ನೂ ಅಲುಗಿಸಬೇಡ ಎಂದ. ಅವಳು ನಡೆದದ್ದನ್ನು ಹೇಳಿದಳು. ಅವನು ಬಹಳ ಹೊತ್ತು ನಕ್ಕ. ಗುಗ್ಗೆ ಅಂತ ಡಬ್ಬಿ ಮೇಲೆ ಬರೆಯಕ್ಕಾಗುತ್ತಾ ಎಂದ. ಅವನ ಮಾನ ತೆಗೆದರೆ ಅವನು ನಮ್ಮದನ್ನು ಮತ್ತೆ ಐದಕ್ಕೆ ಇಳಿಸುತ್ತಾನೆ, ಆಗ ನಾನು ಹಿತ್ತಾಳೆಯದರ ಹಿಂದೆ ಹೋಗಲೇಬೇಕು, ಯೋಚನೆ ಮಾಡು ಎಂದ.

ಅವಳು ಯೋಚನೆ ಮಾಡಿದಳು. ಮೂರು ವಾಕ್ಯವನ್ನೂ ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಅಳಿಸಿದಳು. ಕಿವಿರಾಯನ ಮೇಲೆ ಇದ್ದಷ್ಟೂ ತಾತ್ಸಾರ ಆಗ ಅವಳಿಗೆ ತನ್ನ ಮೇಲೂ ಬಂತು.

ತಿಂಗಳೊಳಗೆ ಹಿಂದಿನ ಗೋದಾಮು ಖಾಲಿ ಮಾಡಿಸಿ ಯಜಮಾನ ಕಪಾಟುಗಳನ್ನು ಹಾಕಿಸಿದ. ಕೊಳ್ಳುವವರಿಗೆ ನೂರು ಗಂಟೆ ಕಾಯುವ ತಾಳ್ಮೆ ಇಲ್ಲವಂತೆ. ಪಳಗಿಸಿಯೇ ಕಳಿಸಿ ಎಂದು ಬೇಡಿಕೆ. ಮುನ್ನೂರು ಜೊತೆ ಇಯರ್‌ಫೋನುಗಳು ಸಾಲು ಸಾಲಾಗಿ ಮೊಳೆಗಳಿಗೆ ನೇತುಬಿದ್ದು, ಒಂದೇ ಹಾಡನ್ನು ನಾಲ್ಕು ದಿನ ನಾಲ್ಕು ಗಂಟೆ ಹಾಡಿಕೊಳ್ಳುತ್ತಿದ್ದವು. ಬಾಗಿಲಲ್ಲಿ ನಿಂತರೆ ಸೊಳ್ಳೆ ಹಿಂಡಿನ ಸದ್ದು. ಜಾಲರಿಯಕ್ಕ ಮೊದಲ ದಿನ ಇಣುಕಿ ನೋಡಿ, ಜನರ ಕಿವಿ ಮೇಲೆ ಹೂ ಇಡೋಕೆ ಇಷ್ಟು ದೊಡ್ಡ ತೋಟ ಬೇಕಿತ್ತೇನೇ ಎಂದು ಕೇಳಿ ಹೋಗಿದ್ದಳು. ಆಮೇಲೆ ಆ ಕಡೆ ಬಂದಿರಲಿಲ್ಲ.

ಬುಧವಾರ ಮಧ್ಯಾಹ್ನ ಮೊದಲ ಕಪಾಟಿನ ನೂರು ಗಂಟೆ ಮುಗಿಯಿತು. ಶ್ರುತಿಗಾರ್ತಿ ಹಾಡು ನಿಲ್ಲಿಸಿ, ಒಂದು ಜೊತೆ ಇಳಿಸಿಕೊಂಡು ಯಂತ್ರಕ್ಕೆ ಹಾಕಿ ಅಳೆದಳು. ಹೊರಬಂದ ಕಾಗದವನ್ನು, ಅದೇ ಜೊತೆಯನ್ನು ನೇತುಹಾಕುವ ಮುಂಚೆ ಅಳೆದಿದ್ದ ಕಾಗದದ ಮೇಲಿಟ್ಟು, ಎರಡನ್ನೂ ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಕಂಡದ್ದು ಒಂದೇ ಗೆರೆ. ಆಮೇಲೆ ಎರಡನ್ನೂ ಮಡಚಿ ಮೇಜಿನ ಖಾನೆಯೊಳಗೆ ಹಾಕಿ, ಖಾಲಿ ಡಬ್ಬಿಯೊಂದನ್ನು ಎಳೆದುಕೊಂಡು, 'ನೂರು ಗಂಟೆ ಪಳಗಿಸಿದ್ದು' ಎಂಬ ರಬ್ಬರ್ ಮುದ್ರೆಯನ್ನು ಶಾಯಿಗೆ ಅದ್ದಿ, ಎಡಮೂಲೆಯಲ್ಲಿ ನೇರವಾಗಿ ಒತ್ತಿದಳು.