ತೋಳು ತೋರಿಸು, ತೊಟ್ಟಿಲು ಹತ್ತು

ನಿಮ್ಮ ಮನೆಯಲ್ಲೂ ಒಂದು ತಗಡಿನ ಪೆಟ್ಟಿಗೆ ಇರಬಹುದು. ಅದರ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ, ಸಿಡುಬು ಬರದಂತೆ ತೋಳಿಗೆ ದಾಕು ಹಾಕಿಸಿದ ಚೀಟಿಯೂ ಇರಬಹುದು. ಚೀಟಿ ಇದೆಯಲ್ಲ, ಇನ್ನೇನು ಭಯ ಎಂದು ನೀವು ನೆಮ್ಮದಿಯಾಗಿರಬಹುದು. ಹರಿಹರದ ನಾಗಕ್ಕನೂ ಹೀಗೇ ನೆಮ್ಮದಿಯಾಗಿದ್ದಳು. ಅವಳ ಗಂಡ ಗಿಡ್ಡಪ್ಪನೂ ಹಾಗೇ ಇದ್ದ. ಆ ಗಿಡ್ಡಪ್ಪನ ಒಂದು ವಾರದ ಕಥೆಯನ್ನು ಈಗ ಕೇಳಿ.

ಗಿಡ್ಡಪ್ಪ ಹೆಸರಿಗಷ್ಟೇ ಗಿಡ್ಡ. ಆಳು ಎಂಥ ಬಾಗಿಲಿಗೂ ತಲೆ ಬಗ್ಗಿಸಿಯೇ ಬರಬೇಕು. ದಾವಣಗೆರೆಯಲ್ಲಿ ಕುಬೇರಪ್ಪನವರ ಆಟದ ಬಯಲಿನಲ್ಲಿ ಅವನಿಗೆ ಕೆಲಸ. ಅಲ್ಲಿ ಮರದ ಕುದುರೆಗಳ ಸುತ್ತಾಟ ಉಂಟು, ಮುಖ ಸೊಟ್ಟಗೆ ತೋರಿಸುವ ನಗೆಗನ್ನಡಿಯ ಕೋಣೆ ಉಂಟು, ನಡುವೆ ಎತ್ತರದ ರಾಟೆ ತೊಟ್ಟಿಲು. ಆ ರಾಟೆಯನ್ನು ಕೈಯಿಂದಲೇ ತಿರುಗಿಸುವವನು ಗಿಡ್ಡಪ್ಪ. ತಿರುಗಿಸುವುದೇನೋ ಸರಿ, ಅದಕ್ಕೂ ಮೊದಲು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ತೊಟ್ಟಿಲಲ್ಲಿ ಕೂರಿಸಬೇಕು, ಆಟ ಮುಗಿದ ಮೇಲೆ ಎತ್ತಿ ಇಳಿಸಬೇಕು. ದಿನಕ್ಕೆ ನೂರಿನ್ನೂರು ಮಕ್ಕಳು ಅವನ ತೋಳಿನ ಮೇಲೆ ಹತ್ತಿ ಇಳಿಯುತ್ತಿದ್ದವು.

ಆರು ದಿನ ದುಡಿತ, ಸೋಮವಾರ ರಜೆ. ಸೋಮವಾರ ಬೆಳಿಗ್ಗೆ ಮೊದಲ ರೈಲಿಗೆ ಹರಿಹರ. ಅಲ್ಲಿ ನಾಗಕ್ಕ ಹಂಡೆಗೆ ಉರಿ ಹಾಕಿ, ಬಟ್ಟಲಲ್ಲಿ ಹರಳೆಣ್ಣೆ ಬಿಸಿ ಮಾಡಿ ಕಾಯುತ್ತಿದ್ದಳು. ವಾರವಿಡೀ ರಾಟೆ ಎಳೆದ ತೋಳಿಗೆ ತಿಕ್ಕಿ ತಿಕ್ಕಿ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ, ಸುಡು ಸುಡು ನೀರು ಹುಯ್ಯುತ್ತಿದ್ದಳು. ಆಮೇಲೆ ಊಟ, ನಿದ್ದೆ. ಸಂಜೆಗೆ ಐದು ವರ್ಷದ ಮಗಳು ರಂಗವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆದಂಡೆಗೆ ಹೋಗುವುದು. ಇಷ್ಟಿದ್ದರೆ ಗಿಡ್ಡಪ್ಪನಿಗೆ ಇನ್ನೇನೂ ಬೇಕಿರಲಿಲ್ಲ.

ನಾನು ಹೇಳುವ ವಾರ ಮಂಗಳವಾರ ಶುರುವಾಯಿತು. ಮಧ್ಯಾಹ್ನ ಗಿರಣಿ ಕೆಲಸದವರ ಮನೆಯ ಹೆಂಗಸೊಬ್ಬಳು ಮಗನನ್ನು ಕರೆತಂದಳು. ಹುಡುಗನ ಹೆಸರು ಮಾಳಿಂಗ, ರಂಗವ್ವನ ವಾರಿಗೆಯವನು. ಗಿಡ್ಡಪ್ಪ ಎತ್ತಿಕೊಂಡರೆ ಮೈ ಕೆಂಡ.

"ಯವ್ವಾ, ಕೂಸಿಗೆ ಜ್ವರ ಐತಲ್ಲ?"

"ನಿನ್ನೆಯಿಂದ ಐತೆ ಕಣಣ್ಣ. ತೊಟ್ಲು ತೊಟ್ಲು ಅಂತ ಒಂದೇ ಸಮ ಹಟ. ಆಡಿದ್ರೆ ಜ್ವರ ಮರೀತಾನೇನೋ ಅಂತ ಕರ್ಕೊಂಬಂದೆ."

ಆಟ ಮುಗಿಯಿತು. ಹುಡುಗ ಇಳಿಯುವಾಗ ಗಿಡ್ಡಪ್ಪನ ಹೆಗಲ ಮೇಲೆ ತಲೆ ಇಟ್ಟು, "ಇನ್ನೊಂದ್ ಸುತ್ತು, ಮಾಮಾ" ಅಂದ. ಗಿಡ್ಡಪ್ಪ ಮತ್ತೆ ಕೂರಿಸಿ, ಮೆಲ್ಲಗೆ ಇನ್ನೊಂದು ಸುತ್ತು ತಿರುಗಿಸಿ ಕಳಿಸಿದ. ಬುಧವಾರ ಆ ವಿಷಯ ಅವನಿಗೆ ಮರೆತೇ ಹೋಗಿತ್ತು. ಅಂದು ಜನ ಕಡಿಮೆ. ರಾಟೆಯ ಅಚ್ಚಿಗೆ ಎಣ್ಣೆ ಬಿಟ್ಟು, ಸಂಜೆ ಗೆಳೆಯ ಹಿದಾಯತ್ ಜೊತೆ ಮಂಡಕ್ಕಿ ಮಿರ್ಚಿ ತಿಂದ.

ಹಿದಾಯತ್ ನಗೆಗನ್ನಡಿ ಕೋಣೆಯವನು. ಮುಖದ ತುಂಬ ಸಿಡುಬಿನ ಕುಳಿಗಳು, ಒಂದು ಕಣ್ಣು ಬೆಳ್ಳಗೆ. ಟಿಕೇಟಿನ ಕಿಂಡಿಯಲ್ಲಿ ಕೂತರೆ ಮಕ್ಕಳು ಹೆದರುತ್ತವೆಂದು ಕುಬೇರಪ್ಪನವರು ಅವನನ್ನು ಕೋಣೆಯೊಳಗೆ ಹಾಕಿದ್ದರು. "ನನ್ನ ಕೋಣೇಗೆ ಬಂದೋರೆಲ್ಲ ಒಂದು ಗಳಿಗೆ ನನ್ನಂಗೆ ಆಗ್ತಾರೆ. ಹೊರಗೆ ಹೋಗಿ ಸರಿ ಆಗ್ತಾರೆ, ಅಷ್ಟೇ ಫರಕ್ಕು" ಎಂದು ಅವನೇ ನಗುತ್ತಿದ್ದ.

ಗುರುವಾರ ಬೆಳಿಗ್ಗೆ ಹುಸೇನ್ ಸಾಬ್ ಬಂದರು. ಇವರು ದಾಕು ಹಾಕುವವರು. ಕೈಯಲ್ಲಿ ಸಣ್ಣ ತಗಡಿನ ಪೆಟ್ಟಿಗೆ, ಕಾಲಲ್ಲಿ ಧೂಳು ಮೆತ್ತಿದ ಚಪ್ಪಲಿ. ಬಂದವರೇ ಕೇಳಿದರು, "ಮಂಗಳವಾರ ಗಿರಣಿಯೋರ ಹುಡುಗ ಮಾಳಿಂಗ ಇಲ್ಲಿಗೆ ಬಂದಿದ್ನಂತೆ. ಇವತ್ತು ಮೈಮೇಲೆ ಗುಳ್ಳೆ ಎದ್ದಾವೆ. ಸಿಡುಬು. ಅವನ್ನ ಮುಟ್ಟಿದೋರು ಯಾರಪ್ಪ?"

"ನಾನೇ ಎತ್ತಿ ಕೂಡ್ಸಿದ್ದು, ಸಾಬ್ರೆ" ಅಂದ ಗಿಡ್ಡಪ್ಪ. "ನಂಗೇನೂ ಭಯ ಇಲ್ಲ ಬಿಡ್ರಿ. ಹೋದ ವರ್ಷಾನೇ ಹರಿಹರದಾಗೆ ಮನೆಮಂದಿಗೆಲ್ಲ ದಾಕು ಹಾಕ್ಸೀವಿ. ಚೀಟಿ ಐತೆ."

"ಚೀಟಿ ಇರ್ಲಿ. ತೋಳು ತೋರ್ಸು."

ಗಿಡ್ಡಪ್ಪ ಅಂಗಿ ತೋಳು ಮೇಲೆತ್ತಿದ. ಹುಸೇನ್ ಸಾಬ್ ಬಿಸಿಲಿಗೆ ತಿರುಗಿಸಿ, ಹೆಬ್ಬೆರಳಿನಿಂದ ಸವರಿ ನೋಡಿದರು. ಇನ್ನೊಂದು ತೋಳೂ ನೋಡಿದರು. ನುಣ್ಣಗಿತ್ತು.

"ಕಲೆ ಎಲ್ಲಪ್ಪ? ಹಾಕಿಸ್ಕೊಂಡ ಮ್ಯಾಲೆ ನೀರುಗುಳ್ಳೆ ಎದ್ದಿತ್ತೇನು?"

"ಏನೂ ಏಳಲಿಲ್ಲ. ನಮ್ದು ಗಟ್ಟಿ ಮೈ ಅಂದ್ಕೊಂಡೆ."

"ಅವತ್ತು ಯಾವ ವಾರ?"

"ಸೋಮವಾರ. ನಾನು ಮನೇಗೆ ಹೋಗೋದೇ ಸೋಮವಾರ."

"ಹಾಕಿಸ್ಕೊಂಡು ಏನು ಮಾಡ್ದಿ?"

"ಮಾಡೋದೇನು ಬಂತು? ಎಣ್ಣೆ ನೀರು ಹಾಕ್ಕೊಂಡೆ. ನಮ್ಮಾಕಿ ಹಂಡೆ ಕಾಸಿದ್ಲು."

ಹುಸೇನ್ ಸಾಬ್ ತೊಟ್ಟಿಲಿನ ಮೆಟ್ಟಿಲ ಮೇಲೆ ಕೂತೇಬಿಟ್ಟರು. "ಅಯ್ಯೋ ಮಾರಾಯ! ಮದ್ದು ಆರೋದ್ರೊಳಗೆ ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ಸುಡುನೀರು ಹುಯ್ಯಿಸ್ಕೊಂಡ್ಯಾ? ಮದ್ದು ಬಚ್ಚಲಿಗೆ ಹೋಯ್ತು, ಚೀಟಿ ಪೆಟ್ಟಿಗೇಗೆ ಹೋಯ್ತು. ನಿನ್ನ ಮೈಯಾಗೆ ಏನೂ ಹೋಗ್ಲಿಲ್ಲ."

ಗಿಡ್ಡಪ್ಪನಿಗೆ ತನ್ನ ಚಿಂತೆ ಆಮೇಲೆ ಬಂತು. ಅವತ್ತು ಅದೇ ಹಂಡೆಯ ನೀರಲ್ಲಿ, ಅದೇ ಬಟ್ಟಲಿನ ಎಣ್ಣೆಯಲ್ಲಿ, ನಾಗಕ್ಕ ಮೊದಲು ಮೀಯಿಸಿದ್ದು ರಂಗವ್ವನನ್ನು.

"ಈಗ ಕಾಲ ಮಿಂಚಿಲ್ಲ" ಅಂದರು ಹುಸೇನ್ ಸಾಬ್. "ರೋಗೀನ ಮುಟ್ಟಿದ ಮೂರು ದಿನದೊಳಗೆ ದಾಕು ಹಾಕಿದ್ರೆ ಬಹಳ ಮಟ್ಟಿಗೆ ತಡೀತೈತೆ. ಕೂಡ್ರು ಇಲ್ಲಿ."

ಆದರೂ ಗಿಡ್ಡಪ್ಪ ಹಿಂದೇಟು ಹಾಕಿದ. ಸಿಡುಬಿನ ಭಯ ಒಂದು ಕಡೆ, ತೋಳಿನ ಭಯ ಇನ್ನೊಂದು ಕಡೆ. "ಶನಿವಾರ ಭಾನುವಾರ ಜಾತ್ರೆಯಂಗೆ ಜನ ಬರ್ತಾರೆ ಸಾಬ್ರೆ. ತೋಳು ಬಾತು ಕೂತ್ರೆ ರಾಟೆ ಯಾರು ತಿರುಗಿಸ್ತಾರೆ? ನನ್ನ ಅನ್ನ ಇರೋದೇ ಈ ತೋಳಿನಾಗೆ."

"ಎಡತೋಳಿಗೆ ಹಾಕ್ತೀನಿ. ಇದು ಮೈಯಾಗೆ ಕೆಲಸ ಮಾಡಾಕೆ ಟೈಮ್ ತಗೊಂತೈತೆ. ಜ್ವರ, ಬಾವು ಬಂದ್ರೆ ಎಂಟು ಒಂಬತ್ತನೇ ದಿನಕ್ಕೆ ಬರ್ತೈತೆ, ಎರಡು ದಿನ ಇದ್ದು ಹೋಗ್ತೈತೆ."

"ಆ ಎರಡು ದಿನ ರಾಟೆ ನಾನು ತಿರುಗಿಸ್ತೀನಿ" ಅಂದ ಹಿದಾಯತ್. ಅವನು ಯಾವಾಗಲೋ ಬಂದು ಹಿಂದೆ ನಿಂತಿದ್ದ. "ಗಿಡ್ಡಪ್ಪಣ್ಣ, ನಾನು ಯಾವತ್ತೂ ಹೇಳಿಲ್ಲ. ನಮ್ಮ ಓಣಿಗೂ ದಾಕಿನೋರು ಬಂದಿದ್ರು. ನಮ್ಮಮ್ಮ ನನ್ನೂ ನನ್ನ ತಂಗೀನೂ ಜೋಳ ತುಂಬಿದ ಮಣ್ಣಿನ ವಾಡೆ ಹಿಂದೆ ಬಚ್ಚಿಟ್ಳು. ಮಕ್ಕಳು ಅಳ್ತಾವೆ ಅಂತ, ಪ್ರೀತಿಗೇ ಬಚ್ಚಿಟ್ಳು. ಆಮ್ಯಾಲೆ ಇಬ್ಬರಿಗೂ ಬಂತು. ನನ್ನ ಮುಖ ಹೋಯ್ತು. ತಂಗಿ ಪೂರಾ ಹೋದ್ಳು."

ಗಿಡ್ಡಪ್ಪ ಮೆಟ್ಟಿಲ ಮೇಲೆ ಕೂತ. ಎಡತೋಳು ಚಾಚಿದ.

ಹುಸೇನ್ ಸಾಬ್ ತೋಳನ್ನು ಒರೆಸಿ, ಒಣಗಲು ಬಿಟ್ಟು, ಒಂದು ಹನಿ ಮದ್ದು ಇಟ್ಟರು. ಆಮೇಲೆ ಸಣ್ಣ ಹಿಡಿಕೆಯ ಬಿಲ್ಲೆಯೊಂದನ್ನು ತೆಗೆದರು. ಬಿಲ್ಲೆಯ ಮೈಗೆ ಕೂದಲಿನಂಥ ಮುಳ್ಳುಗಳು. ಅದನ್ನು ಹನಿಯ ಮೇಲೆ ಒತ್ತಿ ಒಂದು ಸಲ ತಿರುವಿದರು.

"ಇಷ್ಟೇನಾ?"

"ಇಷ್ಟೇ. ಕಷ್ಟದ ಕೆಲಸ ಇನ್ನು ಮ್ಯಾಲೆ ಐತೆ, ಅದು ನಿಂದು. ಮದ್ದು ತಾನಾಗೇ ಆರ್ಲಿ. ಎಣ್ಣೆ ಬ್ಯಾಡ, ಅರಿಶಿನ ಬ್ಯಾಡ, ಬೂದಿ ಬ್ಯಾಡ. ಸ್ನಾನ ಮಾಡು, ಆ ಜಾಗಕ್ಕೆ ಮಾತ್ರ ನೀರು ಬೀಳ್ಬಾರ್ದು. ಮೂರು ನಾಲ್ಕು ದಿನಕ್ಕೆ ಕೆಂಪಗೆ ಏಳ್ತೈತೆ, ಆಮ್ಯಾಲೆ ನೀರು ತುಂಬ್ತೈತೆ, ತುರಿಸ್ತೈತೆ. ಕೆರೀಬ್ಯಾಡ. ಹಕ್ಕಳೆ ಮೂರು ವಾರಕ್ಕೆ ತಾನೇ ಬೀಳ್ಲಿ. ಎಂಟನೇ ದಿನ ನಾನು ಬಂದು ನೋಡ್ತೀನಿ."

ಶನಿವಾರ, ಭಾನುವಾರ ಗಿಡ್ಡಪ್ಪ ರಾಟೆ ತಿರುಗಿಸಿದ. ತೋಳಿಗೆ ಏನೂ ಆಗಲಿಲ್ಲ. ಬಯಲಿನ ಬಾಗಿಲಲ್ಲಿ ಹುಸೇನ್ ಸಾಬ್ ಮೇಜು ಹಾಕಿಕೊಂಡು ಕೂತರು. ಜನ ಓಡಿಹೋಗುತ್ತಾರೆಂದು ಕುಬೇರಪ್ಪನವರು ಮೊದಲು ಗೊಣಗಿದರು, ಆಮೇಲೆ ತಾವೇ ಬಂದು ತೋಳು ಕೊಟ್ಟರು. ಆದರೆ ಗಿಡ್ಡಪ್ಪನ ಮನಸ್ಸು ರಾಟೆಯ ಮೇಲಿರಲಿಲ್ಲ. ಯಾವ ಮಗುವನ್ನು ಎತ್ತಿದರೂ ರಂಗವ್ವನನ್ನು ಎತ್ತಿದ ಹಾಗೇ ಆಗುತ್ತಿತ್ತು. ಸೋಮವಾರ ಯಾವಾಗ ಬರುತ್ತದೋ ಎಂದು ಕಾದ.

ಸೋಮವಾರ ಹರಿಹರದ ಮನೆಯಲ್ಲಿ ಎಂದಿನಂತೆ ಹಂಡೆ ಕುದಿಯುತ್ತಿತ್ತು. ನಾಗಕ್ಕ ಎಣ್ಣೆ ಬಟ್ಟಲು ಹಿಡಿದು ಬಂದಳು.

"ಎಣ್ಣೆ ಬ್ಯಾಡ ನಾಗಿ."

ನಾಗಕ್ಕ ಸೊಂಟಕ್ಕೆ ಕೈ ಇಟ್ಟಳು. "ಯಾಕ? ದಾವಣಗೆರ್ಯಾಗೆ ಯಾರಾದ್ರೂ ಹಚ್ಚಿ ಕಳಿಸ್ಯಾರೇನು?"

ಗಿಡ್ಡಪ್ಪ ನಗಲಿಲ್ಲ. ಅಂಗಿ ತೋಳು ಮೇಲೆತ್ತಿದ. ದಾಕು ಹಾಕಿದಲ್ಲಿ ಕಡಲೆ ಕಾಳಿನಷ್ಟು ಕೆಂಪಗೆ ಎದ್ದಿತ್ತು. ಮಾಳಿಂಗನ ವಿಷಯದಿಂದ ಹಿಡಿದು ಎಲ್ಲವನ್ನೂ ಹೇಳಿದ. ನಾಗಕ್ಕ ಪೂರ್ತಿ ಕೇಳಿ, ಒಳಗೆ ಹೋಗಿ, ಪೆಟ್ಟಿಗೆ ತೆಗೆದು, ಚೀಟಿ ತಂದು ಅವನ ಮುಂದೆ ಹಿಡಿದಳು.

"ನೋಡ್ರಿ. ರಂಗಿ ಹೆಸರು ಐತೆ, ಸೀಲು ಐತೆ. ನಿಮ್ಗೆ ದಾಕು ಹಿಡೀದಿದ್ರೆ ಅವಳಿಗೂ ಹಿಡಿದಿಲ್ಲ ಅಂತ ಯಾರು ಹೇಳಿದ್ರು?"

"ರೋಗಕ್ಕೆ ಚೀಟಿ ಓದಾಕೆ ಬರ್ತೈತೇನೆ? ರಂಗೀನ ಕರಿ. ತೋಳು ನೋಡೋಣ."

ರಂಗವ್ವ ಬಂದಳು. ಅಂಗಳದ ಬಿಸಿಲಲ್ಲಿ ನಿಲ್ಲಿಸಿ ಇಬ್ಬರೂ ನೋಡಿದರು. ಎಡತೋಳು ನೋಡಿದರು, ಬಲತೋಳು ನೋಡಿದರು. ನಾಗಕ್ಕ ಸೆರಗಿನಿಂದ ಉಜ್ಜಿ ಉಜ್ಜಿ ನೋಡಿದಳು. ಒಂದು ಚುಕ್ಕಿಯೂ ಇರಲಿಲ್ಲ.

"ಎಂಟು ದಿನ ಬಿಟ್ಟು ದಾಕಿನೋರು ತಿರುಗಿ ಬಂದಿದ್ರು" ಅಂದಳು ಸಣ್ಣ ದನಿಯಲ್ಲಿ. "ಕೂಸಿನ ತೋಳು ನೋಡ್ಬೇಕು ಅಂದ್ರು. ಮತ್ತೆ ಚುಚ್ಚಿಗಿಚ್ಚಾರು ಅಂತ ನಾನು ಬಾಗಿಲಾಗೇ ನಿಂತು, ಚೆನ್ನಾಗಿ ಎದ್ದೈತೆ ಹೋಗ್ರಿ ಅಂದ್ಬಿಟ್ಟೆ. ಒಂದ್ಸಲ ಅತ್ತಿದ್ದೇ ಸಾಕು ಅನ್ನಿಸ್ತು. ತೊಳ್ದೋಳು ನಾನು, ಸುಳ್ಳು ಹೇಳ್ದೋಳೂ ನಾನು."

"ಗೊತ್ತಿಲ್ದೆ ತೊಳ್ದಿ. ನನ್ನ ತೋಳೂ ತೊಳ್ದಿ. ನಾನೇನು ಬ್ಯಾಡ ಅಂದ್ನಾ?"

"ಮತ್ತೆ ಹಾಕ್ಸಿದ್ರೆ ಸಿಡುಬಿನ ಅಮ್ಮ ಮುನಿಸ್ಕೊಂಡ್ರೆ?"

"ಅಮ್ಮಗೆ ಹಣ್ಣುಕಾಯಿ ಕೊಡು, ಯಾರು ಬ್ಯಾಡಂದ್ರು? ಕೂಸಿಗೆ ದಾಕು ಹಾಕಿಸ್ಬ್ಯಾಡ ಅಂತ ಅಮ್ಮ ಎಲ್ಲಿ ಹೇಳ್ಯಾಳೆ?"

ನಾಗಕ್ಕ ಕಣ್ಣೊರೆಸಿಕೊಂಡಳು. ಬಚ್ಚಲಿಗೆ ಹೋಗಿ ಹಂಡೆಯ ಕೆಳಗಿನ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಚಿಮುಕಿಸಿದಳು. ಆಮೇಲೆ ಮಗಳನ್ನು ಎತ್ತಿಕೊಂಡು, "ನಡೀರಿ" ಅಂದಳು.

ಆಸ್ಪತ್ರೆಯ ಜಗಲಿಯಲ್ಲಿ ಇವರ ಮುಂದೆ ನಾಲ್ಕು ಜನ ಇದ್ದರು. ಸರದಿ ಬಂದಾಗ ಗಿಡ್ಡಪ್ಪ ಮಗಳಿಗೆ, "ಏನಿಲ್ಲ ರಂಗಿ, ಅಪ್ಪನ ರಾಟೆಯಂಗೆ ಒಂದೇ ಸುತ್ತು" ಅಂದ. ಬಿಲ್ಲೆ ತಿರುಗಿದ್ದೇ ತಡ, "ಇದು ತೊಟ್ಲಲ್ಲ! ಸುಳ್ಳು ಹೇಳ್ತೀಯಪ್ಪಾ!" ಎಂದು ರಂಗವ್ವ ಜಗಲಿ ಹಾರಿಹೋಗುವ ಹಾಗೆ ಅತ್ತಳು. ಮಗಳ ಬೆನ್ನಿಗೇ ನಾಗಕ್ಕನೂ ತೋಳು ಕೊಟ್ಟಳು. ಅವತ್ತು ಆ ಮನೆಯಲ್ಲಿ ಯಾರೂ ಎಣ್ಣೆ ಹಚ್ಚಿಕೊಳ್ಳಲಿಲ್ಲ.

ಒಂಬತ್ತನೆಯ ದಿನ ರಂಗವ್ವನಿಗೆ ಮೈ ಬೆಚ್ಚಗಾಯಿತು. ನಾಗಕ್ಕ ಗಂಜಿ ಕುಡಿಸಿ, ಕೆರೆಯದಂತೆ ಕೈ ಹಿಡಿದುಕೊಂಡು ಕೂತಳು. ಎರಡು ದಿನಕ್ಕೆ ಜ್ವರ ಇಳಿಯಿತು. ಈ ಸಲ ನೋಡಲು ಬಂದವರಿಗೆ ಬಾಗಿಲಲ್ಲೇ ಉತ್ತರ ಹೇಳದೆ, ಒಳಗೆ ಕರೆದು, ಕೂರಿಸಿ, ತೋಳು ತೋರಿಸಿದಳು. ಅತ್ತ ದಾವಣಗೆರೆಯಲ್ಲಿ ಗಿಡ್ಡಪ್ಪನಿಗೂ ಜ್ವರ ಬಂದು ಹೋಯಿತು. ಹಿದಾಯತ್ ಮಾತು ತಪ್ಪದೆ ರಾಟೆ ತಿರುಗಿಸಿದ. ಮಕ್ಕಳು ಮೊದಮೊದಲು ಅವನ ಮುಖ ನೋಡಿದವು, ಆಮೇಲೆ ತೊಟ್ಟಿಲು ಮೇಲೇರಿದಾಗ ಎಲ್ಲ ಮರೆತು ಕೂಗಾಡಿದವು.

ಮಾಳಿಂಗ ಉಳಿಯಲಿಲ್ಲ. ಆ ಸುದ್ದಿ ಬಂದ ದಿನ ಗಿಡ್ಡಪ್ಪ ಬಹಳ ಹೊತ್ತು ಖಾಲಿ ತೊಟ್ಟಿಲನ್ನು ಹಿಡಿದು ನಿಂತಿದ್ದ. ಮರುದಿನದಿಂದ ರಾಟೆಯ ಹತ್ತಿರ ಒಂದು ಹೊಸ ಪದ್ಧತಿ ಶುರುವಾಯಿತು. ಟಿಕೇಟು ಕೊಟ್ಟ ಮಗುವಿಗೆ ಗಿಡ್ಡಪ್ಪ, "ತೋಳು ತೋರ್ಸು" ಅನ್ನುತ್ತಾನೆ. ಕಲೆ ಇದ್ದರೆ ಎತ್ತಿ ಕೂರಿಸುತ್ತಾನೆ. ಇಲ್ಲದಿದ್ದರೆ ತಾಯಿಗೆ ಹುಸೇನ್ ಸಾಬರ ಮೇಜು ತೋರಿಸಿ, ಎಣ್ಣೆ ನೀರಿನ ತನ್ನ ಕಥೆ ಹೇಳುತ್ತಾನೆ. ಮೈ ಬಿಸಿಯಿರುವ ಮಗುವನ್ನು ಮನೆಗೆ ಕಳಿಸುತ್ತಾನೆ.

ತಿಂಗಳು ಕಳೆದ ಮೇಲೆ ನಾಗಕ್ಕ ಮಗಳನ್ನು ಕರೆದುಕೊಂಡು ದಾವಣಗೆರೆಗೆ ಬಂದಳು. ರಂಗವ್ವ ಎಲ್ಲರ ಹಾಗೆ ಸರದಿಯಲ್ಲಿ ನಿಂತಳು. ಕೇಳುವ ಮೊದಲೇ ತೋಳು ಎತ್ತಿದಳು. ಅಲ್ಲಿ ಕಾಸಿನಷ್ಟು ಅಗಲದ ಹೊಸ ಕಲೆ. ಅಪ್ಪ ಅದನ್ನು ಹೆಬ್ಬೆರಳಿನಿಂದ ಸವರಿ, ಎತ್ತಿ ಕೂರಿಸಿ, ರಾಟೆ ತಿರುಗಿಸಿದ. ಆಟ ಮುಗಿದು ಇಳಿಸುವಾಗ ಅವಳು ಅವನ ಹೆಗಲ ಮೇಲೆ ತಲೆ ಇಟ್ಟು, "ಇನ್ನೊಂದ್ ಸುತ್ತು, ಅಪ್ಪಾ" ಅಂದಳು. ಹಣೆ ತಣ್ಣಗಿತ್ತು. ಗಿಡ್ಡಪ್ಪ ಅವಳನ್ನು ಮತ್ತೆ ತೊಟ್ಟಿಲಲ್ಲಿ ಕೂರಿಸಿದ.

ತಾಯಂದಿರೇ, ಅಣ್ಣಂದಿರೇ, ಈ ಕಥೆ ಕೇಳಿದ ಮೇಲೆ ಪೆಟ್ಟಿಗೆ ತೆಗೆಯಬೇಡಿ. ಮಗುವನ್ನು ಕರೆಯಿರಿ, ಅಂಗಳದ ಬಿಸಿಲಲ್ಲಿ ನಿಲ್ಲಿಸಿ ತೋಳು ನೋಡಿ. ಕಲೆ ಇಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ ಓಣಿಗೆ ಬರುವ ದಾಕಿನವರನ್ನು ಮನೆಯೊಳಗೆ ಕರೆಯಿರಿ. ಹಾಕಿಸಿದ ಮೇಲೆ ಆ ಜಾಗವನ್ನು ತೊಳೆಯಬೇಡಿ, ಎಣ್ಣೆ ಮುಟ್ಟಿಸಬೇಡಿ. ಎಂಟನೆಯ ದಿನ ಅವರು ನೋಡಲು ಬಂದಾಗ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಎಣ್ಣೆ ನೀರು ಮುಂದಿನ ತಿಂಗಳೂ ಆದೀತು. ಇವತ್ತು ತೋಳು ನೋಡಿ.