ಜಿಪ್ ಕಾಣುವ ಜಾಗ

ಬೆಳಿಗ್ಗೆ ಹತ್ತು ಗಂಟೆಗೆ ಕನ್ನಡಕದ ಅಂಗಡಿಯ ಬಾಗಿಲಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಒಳಗಿದ್ದವನು ಆ ಅಂಗಡಿಯ ಯಜಮಾನ, ಬೀದಿಯ ಅರ್ಧ ಜನಕ್ಕೆ ಕನ್ನಡಕ ಮಾಡಿಕೊಟ್ಟವನು. ಮೊನ್ನೆ ಮಧ್ಯಾಹ್ನ ಹೃದಯ ನಿಂತು ತೀರಿಕೊಂಡಿದ್ದ.

"ಸ್ವಲ್ಪ ಹಿಂದೆ, ಸ್ವಲ್ಪ ಹಿಂದೆ," ಎಂದ ಬಸ್ ಡ್ರೈವರ್. ಕೆಲಸದಿಂದ ನಿವೃತ್ತನಾಗಿ ವರ್ಷಗಳಾಗಿದ್ದರೂ ಅವನ ಕೈ ಗಾಳಿಯಲ್ಲೇ ಸ್ಟಿಯರಿಂಗ್ ತಿರುಗಿಸುತ್ತಿತ್ತು. "ಈಗ ಎಡಕ್ಕೆ ಕಟ್ ಮಾಡಿ. ಬರ್ಲಿ, ಬರ್ಲಿ... ಸಾಕು."

"ಇದೇನು ಬಸ್ಸಾ?" ಎಂದರು ಹಲ್ಲಿನ ಡಾಕ್ಟರು. ಅವರು ತಲೆಯ ಕಡೆ ಹೊತ್ತಿದ್ದರು, ಕನ್ನಡಕ ಬೆವರಿಗೆ ಮೂಗಿನ ತುದಿಗೆ ಜಾರಿತ್ತು.

"ಬಸ್ಸಾಗಿದ್ರೆ ಇಷ್ಟೊತ್ತಿಗೆ ಡಿಪೋ ಸೇರ್ತಿತ್ತು. ನೀವು ಬಾಯಿ ಮುಚ್ಕೊಂಡು ಎತ್ತಿ ಡಾಕ್ಟ್ರೇ. ಊರೋರಿಗೆಲ್ಲ ಬಾಯಿ ತೆಗೀರಿ ಅಂತ ಹೇಳಿ ಹೇಳಿ ನಿಮ್ಮದು ಮುಚ್ಚೋದೇ ಮರೆತಿದೆ."

ಮೆಟ್ಟಿಲ ಬಳಿ ನಿಂತಿದ್ದ ಟೈಲರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಅವರಿದ್ದಿದ್ರೆ ಇದನ್ನ ನೋಡಿ ಎಷ್ಟು ಖುಷಿಪಡ್ತಿದ್ರು. ಪೆಟ್ಟಿಗೆ ಮನೆ ಬಿಟ್ಟು ಹೋಗಲ್ಲ ಅಂತ ಹಟ ಹಿಡಿಯೋ ಸೀನು. ಎಷ್ಟು ಸಿನಿಮಾದಲ್ಲಿ ನೋಡಿದ್ದೀವಿ."

ಸತ್ತವನ ಹೆಂಡತಿ ಕೌಂಟರಿನ ಹಿಂದೆ ನಿಂತಿದ್ದಳು. ಅವಳ ಬೆನ್ನ ಹಿಂದಿನ ಗೋಡೆಯ ತುಂಬ ಖಾಲಿ ಫ್ರೇಮುಗಳು ಸಾಲಾಗಿ ಕುಳಿತು ಎಲ್ಲರನ್ನೂ ನೋಡುತ್ತಿದ್ದವು. ಟೈಲರಮ್ಮನ ಮಾತಿಗೆ ಅವಳಿಗೆ ನಗು ಬಂದೇ ಬಿಟ್ಟಿತು. ಅಷ್ಟರಲ್ಲಿ ಗಂಡನ ಅಕ್ಕ ಪಕ್ಕಕ್ಕೆ ಬಂದು ನಿಂತರು.

"ಇಂಥ ದಿನಾನೂ ಸಿನಿಮಾ ಮಾತೇ," ಎಂದರು ಅಕ್ಕ, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ. "ಆ ಹಾಳು ದೆವ್ವಗಳೇ ನನ್ನ ತಮ್ಮನ್ನ ತಿಂದವು. ಹೆದರಿ ಸತ್ತ ಅವನು. ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ."

"ಅವರು ಹೆದರ್ತಿರಲಿಲ್ಲ ಅಕ್ಕ."

"ನಿಂಗೇನು ಗೊತ್ತು? ಚಿಕ್ಕವನಿದ್ದಾಗ ನನ್ನ ಲಂಗ ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದ್ದ. ಹೆದರ್ತಿರಲಿಲ್ವಂತೆ. ಕೊನೇ ಗಳಿಗೆಯಲ್ಲಿ ಒಬ್ಬನೇ ಆ ಕತ್ತಲೆ ಕೋಣೆಯಲ್ಲಿ ಏನು ಪಟ್ನೋ, ಯಾರನ್ನ ಕೂಗಿದ್ನೋ."

ಅವನು ಕೂಗಿರಲಿಲ್ಲ, ಅದು ಅವಳಿಗೆ ಗೊತ್ತು. ಬಡಿದಿದ್ದ. ಮೂರು ಸಲ. ಅದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ.

ಪೆಟ್ಟಿಗೆ ಒಮ್ಮೆ ವಾಲಿ, ಬಾಗಿಲ ಚೌಕಟ್ಟಿನ ಬಣ್ಣ ಕೆತ್ತಿಕೊಂಡು ಹೊರಗೆ ಹೋಯಿತು.

*

ಅಂಗಡಿಯ ಹಿಂದೆ ಕಣ್ಣು ಪರೀಕ್ಷೆಯ ಕೋಣೆ. ಉದ್ದ, ಇಕ್ಕಟ್ಟು, ಕಿಟಕಿಗೆ ಕಪ್ಪು ಪರದೆ. ದೂರದ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಸಣ್ಣದಾಗುವ ಅಕ್ಷರಗಳ ಬೋರ್ಡು, ಈ ತುದಿಯಲ್ಲಿ ಗಿರಾಕಿ ಕೂರುವ ತಿರುಗುವ ಕುರ್ಚಿ. ಕುರ್ಚಿಯ ಕೈಗಳು ಗಟ್ಟಿ ಮರದವು. ಅಂಗಡಿ ಮುಚ್ಚಿದ ಮೇಲೆ ಅವನು ಬೋರ್ಡು ಇಳಿಸಿ, ಅದೇ ಗೋಡೆಗೆ ಪ್ರೊಜೆಕ್ಟರ್ ಬಿಟ್ಟು ದೆವ್ವದ ಸಿನಿಮಾ ನೋಡುತ್ತಿದ್ದ. ಹಳೆಯವು, ಕಪ್ಪುಬಿಳುಪಿನವು, ಬಂದ ವಾರವೇ ಥಿಯೇಟರಿನಿಂದ ಎತ್ತಂಗಡಿಯಾದವು, ತೆಗೆದವರೇ ಮರೆತವು.

ಮದುವೆಯಾದ ಹೊಸದರಲ್ಲಿ ಅವಳನ್ನೂ ಅಂಥ ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಅವಳು ಮುಖ ಮುಚ್ಚಿಕೊಂಡವಳು ತೆಗೆಯಲೇ ಇಲ್ಲ. ಅವನು ಕಿವಿಯಲ್ಲಿ ಪಿಸುಗುಟ್ಟುತ್ತಲೇ ಇದ್ದ: "ಈಗ ಬಾಗಿಲು ತೆಗೀತಾಳೆ. ಏನಿಲ್ಲ, ಬೆಕ್ಕು. ಈಗ ನಿಜವಾಗ್ಲೂ ಬರುತ್ತೆ, ಮುಚ್ಕೋ. ಹೋಯ್ತು, ತೆಗಿ." ಹೊರಗೆ ಬಂದ ಮೇಲೆ, "ಇನ್ನು ನೀವುಂಟು, ನಿಮ್ಮ ದೆವ್ವ ಉಂಟು. ನನ್ನ ಬಿಟ್ಟುಬಿಡಿ," ಎಂದಿದ್ದಳು.

ಆದರೆ ಮನೆ ಅಂಗಡಿಯ ಮೇಲೆಯೇ ಇತ್ತು, ನಡುವೆ ಇದ್ದದ್ದು ಬರೀ ಹಲಗೆ. ಒಂದನ್ನೂ ನೋಡದೆ ಅವಳು ಎಲ್ಲವನ್ನೂ ಕೇಳಿದಳು. ಊಟಕ್ಕೆ ಬಡಿಸುವಾಗ, "ಇವತ್ತು ಆ ನಲ್ಲಿ ತೊಟ್ಟಿಕ್ಕೋದು ಅಲ್ವಾ? ಆ ಹುಡುಗಿ ಮೊದಲಿಗಿಂತ ಜೋರಾಗಿ ಕಿರುಚಿದ ಹಾಗಿತ್ತು," ಎನ್ನುತ್ತಿದ್ದಳು.

ಅವನ ಮುಖ ಅರಳುತ್ತಿತ್ತು. "ಹೊಸ ಸ್ಪೀಕರು ಕಣೇ. ನೋಡು, ಇಡೀ ಊರಲ್ಲಿ ನಿನಗೊಬ್ಬಳಿಗೇ ಗೊತ್ತಾಗಿದ್ದು."

ಅವಳು ಕೇಳದೆ ಉಳಿದದ್ದು ಭಾನುವಾರದ ಸಿನಿಮಾಗಳನ್ನು ಮಾತ್ರ. ಭಾನುವಾರ ಮಧ್ಯಾಹ್ನ ಡಾಕ್ಟರು, ಡ್ರೈವರ್, ಟೈಲರಮ್ಮ ಮೂವರೂ ಬರುತ್ತಿದ್ದರು. ಆ ಗದ್ದಲ ಬೇಡವೆಂದು ಅವಳು ತಂಗಿಯ ಮನೆಗೆ ಹೊರಟುಬಿಡುತ್ತಿದ್ದಳು.

*

ಮೊನ್ನೆ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಅವನು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

"ನಾನು ಸ್ವಲ್ಪ ಒಳಗಿರ್ತೀನಿ," ಎಂದ. "ಒಂದು ಚೂರು ನೋಡ್ಬೇಕು. ಭಾನುವಾರಕ್ಕೆ ಮುಂಚೆ ಗೊತ್ತಾಗಲೇಬೇಕು."

"ಅಂಗಡಿ?"

"'ಊಟಕ್ಕೆ ಹೋಗಿದ್ದಾರೆ' ಅಂತ ಬೋರ್ಡು ಹಾಕಿದ್ದೀನಿ."

"ಊಟ ಆಗಿಲ್ವಲ್ಲ ಇನ್ನೂ."

"ಬೋರ್ಡಿಗೇನು ಗೊತ್ತು?"

ಅವಳು ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತ ನಿಂತಳು. ಕೆಳಗಿನಿಂದ ಬಂದ ಸದ್ದು ಹೊಸದು, ಎಂದೂ ಕೇಳದ್ದು. ಅದಕ್ಕೇ ಕಿವಿಗೊಟ್ಟಳು. ಎಣ್ಣೆ ಕಾಣದ ಗಾಲಿ ಕಿರುಗುಟ್ಟಿತು. ನಾಯಿ ಬೊಗಳಿ ಇದ್ದಕ್ಕಿದ್ದಂತೆ ನಿಂತಿತು. ಒಬ್ಬ ಹೆಂಗಸು ನಕ್ಕಳು. ತಗಡಿನ ಬಕೆಟ್ಟು ಬಿದ್ದು ಉರುಳಿ ಉರುಳಿ ಸುಮ್ಮನಾಯಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದಿರುವಾಗಲೇ ಮರದ ಮೇಲೆ ಬಡಿತ ಕೇಳಿಸಿತು, ಒಂದು, ಎರಡು, ಮೂರು. ಅದು ಸಿನಿಮಾದ್ದಲ್ಲ, ಕುರ್ಚಿಯ ಕೈಗೆ ಬಡಿದದ್ದು. ಏನೋ ಗಲಾಟೆ ಮಾಡ್ಕೊಂಡಿದ್ದಾರೆ ಎಂದುಕೊಂಡು ಅವಳು ಅವನದೇ ಅಂಗಿಯ ಕಾಲರು ತೀಡಿದಳು.

ಊಟಕ್ಕೆ ಕರೆಯಲು ಇಳಿದಾಗ ಸಿನಿಮಾ ಮುಗಿದು ಗೋಡೆ ಬರೀ ನೀಲಿಯಾಗಿತ್ತು. ಅವನ ಗದ್ದ ಎದೆಗೆ ತಾಗಿತ್ತು, ಕನ್ನಡಕ ಜಾರಿತ್ತು. ಅವಳು ಮೊದಲು ಮಾಡಿದ್ದು ಆ ಕನ್ನಡಕವನ್ನು ಮೇಲಕ್ಕೆ ಸರಿಸಿದ್ದು. ಆಮೇಲೆ ಕೆನ್ನೆ ಮುಟ್ಟಿದಳು.

ಆಸ್ಪತ್ರೆಯಿಂದ ಬಂದ ಡಾಕ್ಟರು ಹೃದಯ ಎಂದರು. ಬೇಗ ಇಳಿದು ಬಂದಿದ್ದರೆ ಉಳಿಯುತ್ತಿದ್ದರಾ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

*

ಸ್ಮಶಾನದಲ್ಲಿ ಕೆಲಸದವರು ಪೆಟ್ಟಿಗೆಯ ಕೆಳಗೆ ಪಟ್ಟಿ ತೂರಿಸಿ ತಯಾರಾದರು. ಬಂದವರೆಲ್ಲ ಸುತ್ತ ನಿಂತರು. ಎಲ್ಲರ ಕಣ್ಣಿನ ಮೇಲೂ ಅವನು ಮಾಡಿದ ಕನ್ನಡಕ.

ಆಗ ಹಲ್ಲಿನ ಡಾಕ್ಟರು ಮುಂದೆ ಬಂದು, ಬಗ್ಗಿ, ಬೆರಳ ಗಿಣ್ಣಿನಿಂದ ಪೆಟ್ಟಿಗೆಯ ಮುಚ್ಚಳಕ್ಕೆ ಬಡಿದರು. ಒಂದು, ಎರಡು, ಮೂರು. ಅವರ ಹಿಂದೆ ಟೈಲರಮ್ಮ ಬಂದು ಮೂರು ಸಲ ಬಡಿದರು. ಡ್ರೈವರ್ ಬಡಿದದ್ದು ಎಲ್ಲರಿಗಿಂತ ಜೋರಾಗಿತ್ತು.

ಅವಳು ಪೆಟ್ಟಿಗೆಯ ಕಡೆಗೆ ನುಗ್ಗಿದಳು. ಅಕ್ಕ ತೋಳು ಹಿಡಿದುಕೊಂಡರು.

"ಏನ್ರೀ ಇದು, ಬಾಗಿಲು ತಟ್ಟಿದ ಹಾಗೆ?" ಎಂದು ಅಕ್ಕ ಗದರಿದರು. "ಎದ್ದು ತೆಗೀತಾನೆ ಅಂದ್ಕೊಂಡಿದ್ದೀರಾ?"

"ತೆಗೆದ್ರೆ ಮೊದಲು ಓಡೋದು ನಮ್ಮ ಡಾಕ್ಟ್ರು," ಎಂದ ಡ್ರೈವರ್. ಅವನ ಕೆನ್ನೆ ಒದ್ದೆಯಾಗಿತ್ತು.

"ಯಾಕೆ ಬಡಿದ್ರಿ?" ಎಂದು ಕೇಳಿದಳು ಅವಳು. ಅವಳ ದನಿ ಕೇಳಿ ಮೂವರೂ ಗಾಬರಿಯಾದರು.

"ತಪ್ಪು ತಿಳ್ಕೋಬೇಡಿ ಅತ್ತಿಗೆ," ಎಂದರು ಟೈಲರಮ್ಮ. "ಅದು ನಮ್ಮ ಜಿಪ್ ಸಿನಿಮಾದ್ದು. ಕಲ್ಲುಗಣಿಯಿಂದ ಒಂದು ಪ್ರಾಣಿ ಎದ್ದು ಬರುತ್ತೆ, ಊರೆಲ್ಲ ತಿನ್ನುತ್ತೆ. ಒಂದೇ ಒಂದು ಕಡೆ ಅದು ಬೆನ್ನು ತಿರುಗಿಸಿದಾಗ ವೇಷದ ಜಿಪ್ಪು ಕಾಣುತ್ತೆ. ಕಣ್ಣು ಮಿಟುಕಿಸಿದ್ರೆ ತಪ್ಪಿಹೋಯ್ತು. ಹೊಲಿಗೇನೂ ಸರಿಯಿಲ್ಲ, ಮಧ್ಯೆ ದಾರ ಬಿಟ್ಟಿದೆ, ನನ್ನ ಹತ್ರ ಬಂದಿದ್ರೆ ಒಳಪಟ್ಟಿ ಕೊಟ್ಟು ಹೊಲಿದು ಕೊಡ್ತಿದ್ದೆ. ಅದು ಕಂಡ ತಕ್ಷಣ ನಾವೆಲ್ಲ ಕುರ್ಚಿಗೆ ಮೂರು ಸಲ ಬಡೀತೀವಿ. ಯಜಮಾನ್ರೇ ಶುರು ಮಾಡಿದ್ದು."

"ಇಷ್ಟು ಹೆದರಿಸೋಕೆ ಪಾಪ ಯಾರೋ ಒಬ್ಬ ಮನುಷ್ಯ ಒಳಗೆ ಬೆವರ್ತಾ ನಿಂತಿದ್ದಾನೆ, ಅವನಿಗೆ ನಮಸ್ಕಾರ ಹೇಳಿ, ಅಂತಿದ್ದ," ಎಂದರು ಡಾಕ್ಟರು.

ಅವಳು ಟೈಲರಮ್ಮನ ಕಡೆ ತಿರುಗಿದಳು. "ಅದನ್ನ ಅವರು ಒಬ್ಬರೇ ನೋಡ್ತಿದ್ರಾ?"

"ಛೆ, ಇಲ್ಲ. ಅದು ಭಾನುವಾರದ್ದು. ಒಬ್ಬರೇ ನೋಡಬಾರದು ಅಂತ ನೇಮ."

ಅವಳ ಮುಖ ಇಳಿಯಿತು. ಟೈಲರಮ್ಮನಿಗೆ ಏನೋ ನೆನಪಾಯಿತು.

"ಆದ್ರೆ ಹೊಸ ಡಿಸ್ಕ್ ತರಿಸ್ತೀನಿ ಅಂದಿದ್ರು. ಹಳೇ ಸಿನಿಮಾನ ಯಾರೋ ತೊಳೆದು ಬಳಿದು ಹೊಸದು ಮಾಡಿದ್ದಾರಂತೆ. ಜಿಪ್ಪನ್ನೂ ಒರೆಸಿಹಾಕಿದ್ರೆ ಏನು ಗತಿ ಅಂತ ಒಂದು ತಿಂಗಳಿಂದ ನಮಗೆಲ್ಲ ಅದೇ ಚಿಂತೆ."

"ಜಿಪ್ಪು ಕಾಣೋದಕ್ಕೆ ಮುಂಚೆ ಏನು ಕೇಳಿಸುತ್ತೆ?"

ಡ್ರೈವರ್ ಸಂಗೀತ ಎಂದ. ಟೈಲರಮ್ಮ, ತಮ್ಮ ಕಣ್ಣು ಆ ಬೆನ್ನಿನ ಮೇಲೇ ಇರುತ್ತದೆ, ಕಿವಿಯ ಕಡೆ ಗಮನವೇ ಇರುವುದಿಲ್ಲ ಎಂದರು. ಡಾಕ್ಟರು ಕೆಮ್ಮಿದರು.

"ನಾನು ಪ್ರಾಣಿ ಬಂದ ಕೂಡಲೇ ಕನ್ನಡಕ ತೆಗೆದಿಟ್ಟುಬಿಡ್ತೀನಿ. ಇವರು ಬಡಿದಾಗ ಬಡೀತೀನಿ."

"ಇಷ್ಟು ವರ್ಷ ಜಿಪ್ಪೇ ನೋಡಿಲ್ವಾ ನೀವು?" ಎಂದ ಡ್ರೈವರ್.

"ನಿಮ್ಮ ಮೇಲೆ ನಂಬಿಕೆ ಇತ್ತು ಕಣಯ್ಯ."

ಕೆಲಸದವರು ಪಟ್ಟಿ ಸಡಿಲಿಸಿದರು. ಪೆಟ್ಟಿಗೆ ಇಳಿಯಿತು. ಅವಳು ಅದು ಕಾಣುವವರೆಗೂ ನೋಡಿ, ಒಂದು ಹಿಡಿ ಮಣ್ಣು ಹಾಕಿ, ತಿರುಗಿ ನಿಂತು ಹೇಳಿದಳು: "ಆ ಡಿಸ್ಕ್ ಇನ್ನೂ ಪ್ಲೇಯರಿನೊಳಗೇ ಇದೆ. ಮನೆಗೆ ಬನ್ನಿ."

*

ಕೋಣೆಯಲ್ಲಿ ಎಲ್ಲ ಇದ್ದ ಹಾಗೇ ಇತ್ತು. ಕಪ್ಪು ಪರದೆ ಎಳೆದರು. ಗಿರಾಕಿಯ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮೂವರೂ ಅದರ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತರು. ಅಕ್ಕ ಬಾಗಿಲಲ್ಲೇ ನಿಂತಿದ್ದವರು ಒಳಗೆ ಬಂದರು.

"ನಾನೂ ನೋಡ್ತೀನಿ. ನನ್ನ ತಮ್ಮನ್ನ ತಿಂದಿದ್ದು ಎಂಥದ್ದು ಅಂತ."

ಅವಳು ಆ ಕುರ್ಚಿಯಲ್ಲಿ ಕುಳಿತು ಅದನ್ನು ಪೂರಾ ತಿರುಗಿಸಿದಳು. ಈಗ ಅವಳ ಬೆನ್ನು ಗೋಡೆಗೆ, ಮುಖ ಅವರ ಕಡೆಗೆ.

"ಅತ್ತಿಗೆ, ಸಿನಿಮಾ ಆ ಕಡೆ," ಎಂದ ಡ್ರೈವರ್.

"ಗೊತ್ತು. ನಾನು ನೋಡಲ್ಲ, ಕೇಳ್ತೀನಿ." ಕಣ್ಣು ಮುಚ್ಚಿಕೊಂಡಳು. ಕೈಗಳನ್ನು ಕುರ್ಚಿಯ ಮರದ ಮೇಲಿಟ್ಟಳು. ಅಲ್ಲೊಂದು ಕಡೆ ಪಾಲಿಷ್ ಸವೆದು ಸಣ್ಣ ಗುಳಿ ಬಿದ್ದಿತ್ತು. ಬೆರಳು ಅದರಲ್ಲಿ ಕೂತಿತು.

ಸಿನಿಮಾ ಶುರುವಾಯಿತು. ಅವಳಿಗೆ ಗೊತ್ತಿರದ ಜನ ಮಾತಾಡಿದರು, ಗಾಡಿ ಹತ್ತಿದರು, ಜಗಳವಾಡಿದರು. ಅವಳು ಕಾದಳು. ಎದುರಿಗೆ ಮೂವರ ಪಿಸುಮಾತು ನಡೆದೇ ಇತ್ತು.

"ಕಲ್ಲೆಲ್ಲ ಎಷ್ಟು ಸ್ವಚ್ಛವಾಗಿ ಕಾಣ್ತಿದೆ ನೋಡ್ರೀ."

"ಹಾಗಿದ್ರೆ ಜಿಪ್ಪು ಹೋಯ್ತು ಅಂತಲೇ. ಇಷ್ಟು ಒರೆಸಿದವರು ಅದನ್ನ ಬಿಡ್ತಾರಾ?"

"ಡಾಕ್ಟ್ರೇ, ಕನ್ನಡಕ."

"ಹಾಕ್ಕೊಂಡೇ ಇದ್ದೀನಪ್ಪ."

ಗಾಲಿ ಕಿರುಗುಟ್ಟಿತು. ಅವಳ ಬೆನ್ನು ನೆಟ್ಟಗಾಯಿತು. ನಾಯಿ ಬೊಗಳಿತು, ನಿಂತಿತು. ಹೆಂಗಸು ನಕ್ಕಳು, ಅದೇ ನಗು, ಕೊನೆಯಲ್ಲಿ ಸ್ವಲ್ಪ ಮೂಗಿನಿಂದ ಬರುವ ನಗು. ಬಕೆಟ್ಟು ಬಿತ್ತು. ಉರುಳಿತು. ಮತ್ತೂ ಉರುಳಿತು. ಸುಮ್ಮನಾಯಿತು. ಮೊನ್ನೆ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತು ಕೇಳಿದ ಮೌನವೇ ಇದು. ಅದು ಎಷ್ಟು ಉದ್ದವಿತ್ತೆಂದು ಅವಳ ಕಿವಿಗೆ ಗೊತ್ತಿತ್ತು. ಅಷ್ಟನ್ನು ಹೋಗಲು ಬಿಟ್ಟು, ಮರದ ಮೇಲೆ ಬಡಿದಳು. ಒಂದು, ಎರಡು, ಮೂರು.

ಬೇರೆ ಯಾರೂ ಬಡಿಯಲಿಲ್ಲ.

ತಪ್ಪಿತು ಎಂದುಕೊಂಡು ಅವಳು ಕಣ್ಣು ತೆರೆದಳು. ಗೋಡೆಯ ಬೆಳಕು ಎದುರಿನವರ ಮುಖದ ಮೇಲೆ ಬಿದ್ದಿತ್ತು. ಮೂರು ಮುಷ್ಟಿಗಳು ಗಾಳಿಯಲ್ಲಿ ಎತ್ತಿದಲ್ಲೇ ನಿಂತಿದ್ದವು. ಮೂವರೂ ಸಿನಿಮಾ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಗೋಡೆಯ ಕಡೆ ನೋಡುತ್ತಿದ್ದವರು ಅಕ್ಕ ಒಬ್ಬರೇ.

"ಅಯ್ಯ," ಎಂದರು ಅಕ್ಕ. "ಬೆನ್ನಲ್ಲಿ ಜಿಪ್ಪಿದೆ ಅದಕ್ಕೆ."

ಟೈಲರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಡ್ರೈವರ್ ಎತ್ತಿದ ಕೈಯನ್ನು ನಿಧಾನವಾಗಿ ಮಡಿಲಿಗೆ ಇಳಿಸಿದ. ಪ್ರಾಣಿ ಯಾರನ್ನೋ ಹಿಡಿದು ಕಿರುಚಿಸುತ್ತಿತ್ತು, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅವಳು ಕಾಲು ನೆಲಕ್ಕೆ ಒತ್ತಿ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

"ಇನ್ನೊಂದು ಸಲ ಹಾಕಿ," ಎಂದಳು.

ಹಲ್ಲಿನ ಡಾಕ್ಟರು ಎದ್ದು ಹೋಗಿ, ಡಿಸ್ಕನ್ನು ಬಕೆಟ್ಟು ಬೀಳುವಲ್ಲಿಗೆ ಹಿಂದಕ್ಕೆ ಓಡಿಸಿದರು.